ಅಪ್ಪನ ಕೈಯಲ್ಲಿ ಓಡದ ವಾಚು

"ಗುರುಗಳೇ, ಒಬ್ಬರ ಸೇವೆಯನ್ನು ಕೊರತೆಯಿಲ್ಲದೆ ಮಾಡುವುದು ಹೇಗೆ?" ಎಂದು ಚನ್ನವೀರ ಕೇಳಿದ.

ಅವನು ಸುಮ್ಮನೆ ಕೇಳಿದ್ದಲ್ಲ. ಊರ ಹೊರಗಿನ ಆ ಸಣ್ಣ ಮಠದಲ್ಲಿ ಇದ್ದವರು ಇಬ್ಬರೇ, ಗುರುಗಳು ಮತ್ತು ಅವನು. ಗುರುಗಳಿಗೆ ವಯಸ್ಸಾಗಿತ್ತು. ಅವನು ಮೈಮುರಿದು ದುಡಿಯುತ್ತಿದ್ದ. ಆದರೂ ಈಚೆಗೆ ಗುರುಗಳ ಮಾತು ಕಡಿಮೆಯಾಗಿತ್ತು, ಊಟವೂ ಕಡಿಮೆಯಾಗಿತ್ತು. ಎಲ್ಲೋ ತನ್ನಿಂದ ತಪ್ಪಾಗುತ್ತಿದೆ ಎಂದು ಅವನ ಮನಸ್ಸು ಚುರುಗುಟ್ಟುತ್ತಿತ್ತು. ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ.

ಗುರುಗಳು ಪಕ್ಕದ ಚಾಪೆಯನ್ನು ತೋರಿಸಿದರು.

"ಕೂತುಕೋ. ಒಂದು ವಾಚಿನ ಕತೆ ಹೇಳುತ್ತೇನೆ" ಎಂದರು.

"ವಾಚಿನ ಕತೆಯೇ, ಗುರುಗಳೇ?"

"ಯಾಕೆ, ಕತೆ ಎಂದರೆ ರಾಜನೇ ಬೇಕೇನು? ಕೇಳು."

ಗುರುಗಳು ಹೇಳಿದ ಕತೆ ಇದು.

ಮಂಡಕ್ಕಿ ಹುರಿಯುವ ಭಟ್ಟಿಗಳಿರುವ ಊರೊಂದರಲ್ಲಿ ಕೊಟ್ರೇಶ ಎಂಬ ವ್ಯಾಪಾರಿ ಇದ್ದ. ವ್ಯಾಪಾರಿ ಎಂದರೆ ದೊಡ್ಡವನಲ್ಲ. ಒಂದು ಭಟ್ಟಿ, ಅದರ ಎದುರಿಗೆ ಅಕ್ಕಿ ಒಣಹಾಕುವ ಕಣ, ನಾಲ್ಕು ಜನ ಆಳುಗಳು. ಉಪ್ಪುನೀರು ಉಣಿಸಿದ ಅಕ್ಕಿಯನ್ನು ಹದವಾಗಿ ಒಣಗಿಸಬೇಕು, ಕಾದ ಮರಳಿಗೆ ಸುರಿಯಬೇಕು, ಅರಳುತ್ತಿದ್ದ ಹಾಗೆ ಎತ್ತಬೇಕು, ಜರಡಿ ಹಿಡಿದು ಮರಳನ್ನು ಬೇರೆ ಮಾಡಬೇಕು. ಆ ಭಟ್ಟಿಯನ್ನು ಕಟ್ಟಿದವನು ಅವನ ತಂದೆ ಮುರಿಗೆಪ್ಪ. ಆಯುಷ್ಯವೆಲ್ಲ ಆ ಒಲೆಯ ಮುಂದೆ ಬೆವರು ಸುರಿಸಿದವನು. ಅವನ ಕೈ ಒಂದು ಗಳಿಗೆ ಸುಮ್ಮನಿದ್ದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಒಂದು ದಿನ ಮುರಿಗೆಪ್ಪ ಒಲೆಯ ಮುಂದೆ ತಲೆ ಸುತ್ತಿ ಬಿದ್ದ. ಪುಣ್ಯಕ್ಕೆ ಹಿಂದಕ್ಕೆ ಬಿದ್ದ. ಮುಂದಕ್ಕೆ ಬಿದ್ದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಡಾಕ್ಟರು ನೋಡಿ, ಹೊಗೆಯಿಂದ ದೂರ ಇರಲಿ ಎಂದರು. ಅವರು ಹೇಳಿದ್ದು ಅಷ್ಟೇ. ಉಳಿದದ್ದನ್ನು ಕೊಟ್ರೇಶ ಸೇರಿಸಿದ. ಭಟ್ಟಿಗೆ ಹೋಗಬೇಡ ಎಂದ. ಬಿಸಿಲಿಗೆ ಹೋಗಬೇಡ ಎಂದ. ಭಾರ ಎತ್ತಬೇಡ, ಸಂತೆಗೆ ಹೋಗಬೇಡ, ನಿಂತುಕೊಂಡು ಮಾತಾಡಬೇಡ ಎಂದ. ಕೊನೆಗೆ ಕೂತಲ್ಲಿಂದ ಏಳಲೇಬೇಡ ಎಂದ. ಅವನ ಹೆಂಡತಿ ನೀಲಮ್ಮ ಗಂಡನಿಗಿಂತ ಒಂದು ಹೆಜ್ಜೆ ಮುಂದೆ. ಮಾವ ನೀರು ಎನ್ನುವ ಮೊದಲೇ ಲೋಟ ಬಂದಿರುತ್ತಿತ್ತು.

ಕೆಟ್ಟ ಮಗನಾಗಿದ್ದರೆ ಈ ಕತೆ ಹೇಳುವುದು ಸುಲಭವಾಗಿತ್ತು. ಕೊಟ್ರೇಶ ಕೆಟ್ಟವನಲ್ಲ. ಅಪ್ಪ ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆ ಹೆದರಿಕೆ ಅವನ ಎದೆಯಿಂದ ಇಳಿದಿರಲಿಲ್ಲ. ಅಪ್ಪ ಒಂದು ಸಲ ಕೆಮ್ಮಿದರೆ ಇವನಿಗೆ ಊಟ ಸೇರುತ್ತಿರಲಿಲ್ಲ.

ಮುರಿಗೆಪ್ಪನ ಹತ್ತಿರ ಕೀಲಿ ಕೊಡುವ ಹಳೆಯ ವಾಚು ಒಂದಿತ್ತು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕಿಟಕಿಯ ಹತ್ತಿರ ನಿಂತು ಅದಕ್ಕೆ ಕೀಲಿ ಕೊಡುತ್ತಿದ್ದ. ಆಮೇಲೆಯೇ ಚಹಾ. ಭಟ್ಟಿ ಬಿಟ್ಟ ಮೇಲೆ ಅವನ ಪಾಲಿಗೆ ಉಳಿದಿದ್ದ ಕೆಲಸ ಅದೊಂದೇ. ಅದನ್ನು ಮನೆಯಲ್ಲಿ ಯಾರೂ ಕೆಲಸ ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ಬೆಳಿಗ್ಗೆ ಕೀಲಿ ಕೊಡುತ್ತಿರುವಾಗ ವಾಚಿನೊಳಗೆ ಏನೋ ಕಟ್ ಎಂದಿತು. ರಿಪೇರಿಯವರು ಬಿಚ್ಚಿ ನೋಡಿ, ಇದರ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ ಎಂದರು.

ಕೊಟ್ರೇಶ ಅಪ್ಪನಿಗೆ ಹೊಸ ವಾಚು ತರಲು ಹೊರಟ. ತನ್ನ ಮದುವೆಗೆ ಹೆಣ್ಣು ನೋಡುವಾಗಲೂ ಅವನು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಸೆಲ್ಲಿನ ವಾಚು ಅಗ್ಗ. ಆದರೆ ಮುರಿಗೆಪ್ಪನಿಗೆ ಸೆಲ್ಲಿನದು ಎಂದರೆ ಮಕ್ಕಳ ಆಟದ ಸಾಮಾನು. ಒಳಗೆ ಚಕ್ರ ತಿರುಗಬೇಕು, ಕಿವಿಗಿಟ್ಟರೆ ಸದ್ದು ಕೇಳಬೇಕು, ಆಗ ಅದು ವಾಚು. ಅಂಥವುಗಳ ಬೆಲೆ ಕೇಳಿ ಕೊಟ್ರೇಶ ಒಂದೆರಡು ಅಂಗಡಿಗಳಿಂದ ಮೆಲ್ಲಗೆ ಜಾರಿಕೊಂಡ. ಆಮೇಲಿನ ಅಂಗಡಿಯವನು ಗಾಜಿನ ಪೆಟ್ಟಿಗೆಯ ಕೆಳಸಾಲಿನಿಂದ ಒಂದನ್ನು ತೆಗೆದು, ಬೋರಲು ಹಾಕಿ ತೋರಿಸಿದ. ಅದರ ಬೆನ್ನಿಗೂ ಗಾಜು. ಒಳಗೆ ಅರ್ಧಚಂದ್ರದಂಥ ತಗಡೊಂದು ಅತ್ತಿತ್ತ ಓಲಾಡುತ್ತಿತ್ತು.

"ಇದು ಆಟೋಮ್ಯಾಟಿಕ್ ನೋಡ್ರಿ. ಸೆಲ್ಲು ಬ್ಯಾಡ, ಕೀಲಿ ಬ್ಯಾಡ. ಕೈ ಆಡಿದ್ರೆ ಈ ತಗಡು ತಿರುಗ್ತೈತಿ. ತಗಡು ತಿರುಗಿದ್ರೆ ಅದಕ್ಕದೇ ಕೀಲಿ ಆಗ್ತೈತಿ. ಕಂಪನಿ ಸಣ್ಣದು, ಅದಕ್ಕೇ ರೇಟು ಕಮ್ಮಿ. ಮಿಷನ್ನು ಮಾತ್ರ ಗಟ್ಟಿ."

"ಕೀಲಿ ಕೊಡೋದೇ ಬ್ಯಾಡಾ?"

"ಕೊಡ್ತೀನಂದ್ರೂ ಆಗಲ್ರಿ. ಈ ತಿರುಪು ಇರೋದು ಮುಳ್ಳು ಸರಿ ಮಾಡಾಕೆ ಅಷ್ಟೇ."

ಕೊಟ್ರೇಶನಿಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು. ಚಕ್ರದ ವಾಚು, ತನ್ನ ಕೈಗೆಟುಕುವ ಬೆಲೆ. ಇನ್ನು ಮೇಲೆ ಅಪ್ಪ ಬೆಳಿಗ್ಗೆ ಎದ್ದು ಕಿಟಕಿಯ ಹತ್ತಿರ ನಿಂತು ಕೀಲಿ ತಿರುಗಿಸುವ ತಾಪತ್ರಯವೂ ಇಲ್ಲ. ಅಪ್ಪನಿಗೆ ಉಳಿದಿದ್ದ ಆ ಒಂದು ಶ್ರಮವನ್ನೂ ತಪ್ಪಿಸಿದೆ ಎಂದು ದಾರಿಯುದ್ದಕ್ಕೂ ಹಿಗ್ಗಿಕೊಂಡು ಬಂದ.

ಮುರಿಗೆಪ್ಪನೂ ಹಿಗ್ಗಿದ. ವಾಚನ್ನು ಕಿವಿಗಿಟ್ಟು ಕೇಳಿದ. ಬೋರಲು ಹಾಕಿ ತಗಡನ್ನು ನೋಡಿದ. ಎಷ್ಟು ಕೊಟ್ಟೆ ಎಂದು ವಿಚಾರಿಸಿದ. ಕೊಟ್ರೇಶ ಕಡಿಮೆ ಮಾಡಿ ಹೇಳಿದ. "ಜಾಸ್ತಿನೇ ಆತು ಬಿಡು" ಎಂದ ಮುರಿಗೆಪ್ಪ, ಆದರೆ ಕಟ್ಟಿಕೊಂಡದ್ದನ್ನು ಬಿಚ್ಚಲಿಲ್ಲ. ದಾರಿಯಲ್ಲಿ ಹೋಗುವವರು ಟೈಮು ಕೇಳಲಿ ಎಂದು ಕೈ ಕಾಣುವ ಹಾಗೆ ಕಟ್ಟೆಯ ಮೇಲೆ ಕೂತ. ಮಲಗುವಾಗಲೂ ಅದು ಕೈಯಲ್ಲೇ ಇತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಎದ್ದು ನೋಡಿದರೆ ವಾಚು ನಿಂತಿತ್ತು.

ಕೊಟ್ರೇಶ ಅದನ್ನು ಅಂಗಡಿಗೆ ಒಯ್ದ. ಕೈಯಲ್ಲಿ ಹಿಡಿದು ನಡೆಯುತ್ತಿದ್ದ ಹಾಗೇ ಅದು ಓಡತೊಡಗಿತು. ಅಂಗಡಿಯವನು ಇಟ್ಟುಕೊಂಡು ಪರೀಕ್ಷೆ ಮಾಡಿ, ದೋಷವೇನೂ ಇಲ್ಲ ಎಂದು ಹಿಂದಕ್ಕೆ ಕೊಟ್ಟ. ಅಪ್ಪನ ಕೈಗೆ ಹೋಯಿತು. ಒಂದು ದಿನ ಓಡಿತು, ಮರುದಿನ ನಿಂತಿತು. ಕೊಟ್ರೇಶ ತಾನೇ ಕಟ್ಟಿಕೊಂಡು ನೋಡಿದ. ಭಟ್ಟಿಯಲ್ಲಿ ಓಡಿತು, ಸಂತೆಯಲ್ಲಿ ಓಡಿತು, ವಾರವೆಲ್ಲ ಓಡಿತು. ಮತ್ತೆ ಅಪ್ಪನಿಗೆ ಕೊಟ್ಟ. ಮತ್ತೆ ನಿಂತಿತು.

ಈ ಹೋಗುವ ಬರುವ ಆಟವನ್ನೆಲ್ಲ ಮುರಿಗೆಪ್ಪ ಸುಮ್ಮನೆ ಕೂತು ನೋಡುತ್ತಿದ್ದ. ಕೂತವನಿಗೆ ಯೋಚನೆ ಜಾಸ್ತಿ.

"ಇನ್ನ ಅದನ್ನ ಅಂಗಡಿಗೆ ಒಯ್ಯಬ್ಯಾಡಪ್ಪ" ಎಂದು ಒಂದು ದಿನ ಮಗನಿಗೆ ಹೇಳಿದ. "ವಾಚು ಚಲೋ ಐತಿ. ನಿನ್ನ ಕೈಯಾಗ ಓಡ್ತೈತಿ, ಅಂಗಡಿಯವನ ಕೈಯಾಗ ಓಡ್ತೈತಿ. ನನ್ನ ಕೈಯಾಗ ಮಾತ್ರ ನಿಲ್ತೈತಿ ಅಂದ್ರ ಏನು? ನನ್ನ ಟೈಮು ಮುಗೀತು ಅಂತ ಅದಕ್ಕೆ ಗೊತ್ತಾಗೈತಿ."

"ಏನು ಮಾತಾಡ್ತೀಯಪ್ಪ ನೀನು!"

"ಸುಳ್ಳೇನು? ನಾಡಿ ನೋಡೋ ಜಾಗದಾಗೇ ಕಟ್ಟೀನಲ್ಲ."

ಕೊಟ್ರೇಶ ನಕ್ಕು ತೇಲಿಸಿದ. ಮುರಿಗೆಪ್ಪ ನಗಲಿಲ್ಲ. ಅಂದಿನಿಂದ ಅವನು ಆ ಮಾತನ್ನೇ ಹಿಡಿದುಕೊಂಡ. ಊಟ ಅರ್ಧಕ್ಕೆ ಇಳಿಯಿತು. ಆಳುಗಳನ್ನು ಕರೆದು ತನ್ನ ಒಳ್ಳೆಯ ಪಂಚೆಗಳನ್ನು ಕೊಟ್ಟ. ಹೆಂಡತಿಯನ್ನು ಮಣ್ಣು ಮಾಡಿದ ಹೊಲದಲ್ಲಿ ಅವಳ ಪಕ್ಕದ ಜಾಗ ಖಾಲಿ ಇದೆಯೋ, ಅಲ್ಲೇನಾದರೂ ನೆಟ್ಟಿದ್ದಾರೋ ಎಂದು ಕೇಳಿದ. ಗಂಡನ ಮನೆಯಲ್ಲಿದ್ದ ಮಗಳು ಹಾಲವ್ವನನ್ನು ಒಂದು ಸಲ ಕರೆಸು, ಕಣ್ತುಂಬ ನೋಡಬೇಕು ಎಂದ. ವಾಚನ್ನು ಮಾತ್ರ ಕೈಯಿಂದ ಬಿಚ್ಚಲಿಲ್ಲ. ನಿಂತ ಮುಳ್ಳನ್ನು ಆಗಾಗ ನೋಡಿ, ಅದು ಹೇಳುವುದು ಸರಿ ಎಂಬಂತೆ ತಲೆಯಾಡಿಸುತ್ತಿದ್ದ.

ಈಗ ಕೊಟ್ರೇಶನಿಗೆ ನಿಜವಾಗಿ ದಿಗಿಲಾಯಿತು. ಡಾಕ್ಟರನ್ನು ಮನೆಗೇ ಕರೆತಂದ. ಅವರು ಎದೆ ನೋಡಿದರು, ರಕ್ತ ನೋಡಿದರು, ಕಾಯಿಲೆ ಏನೂ ಇಲ್ಲ ಎಂದರು. ಕಾಯಿಲೆ ಇಲ್ಲದ ಮನುಷ್ಯ ಕಣ್ಣೆದುರಿಗೇ ಕರಗಿ ಹೋಗುತ್ತಿದ್ದ. ಕೊಟ್ರೇಶ ಸಿಟ್ಟಿನಿಂದ ವಾಚಿನ ಅಂಗಡಿಗೆ ಹೋದ. ನನ್ನ ಅಪ್ಪನ ಜೀವ ತೆಗೆಯುತ್ತಿದೆ ನಿನ್ನ ವಾಚು ಎಂದು ಕೂಗಾಡಿದ. ಅಂಗಡಿಯವನು ಗಾಬರಿಯಾಗಿ, ನಿಮ್ಮ ತಂದೆ ಅದನ್ನು ಕಟ್ಟಿಕೊಂಡೇ ಇರುತ್ತಾರೋ, ಬಿಚ್ಚಿ ಎಲ್ಲಾದರೂ ಇಡುತ್ತಾರೋ, ಮೊದಲು ಅದನ್ನು ನೋಡಿ ಎಂದ.

"ಬಿಚ್ಚಿಡುತ್ತಿದ್ದನೇನೋ, ಗುರುಗಳೇ" ಎಂದ ಚನ್ನವೀರ.

"ಕೊಟ್ರೇಶನಿಗೂ ಹಾಗೇ ಅನ್ನಿಸಿತು. ಇಬ್ಬರೂ ಜಾಣರು" ಎಂದು ಗುರುಗಳು ಕತೆ ಮುಂದುವರಿಸಿದರು.

ಕೊಟ್ರೇಶ ಒಂದು ದಿನ ಭಟ್ಟಿಗೆ ಹೋಗಲಿಲ್ಲ. ತಲೆನೋವು ಎಂದು ಸುಳ್ಳು ಹೇಳಿ ಪಡಸಾಲೆಯ ಮೂಲೆಯಲ್ಲಿ ಮಲಗಿದ. ಮಲಗಿಕೊಂಡೇ ಅಪ್ಪನ ಕೈಯ ಮೇಲೆ ಕಣ್ಣಿಟ್ಟ.

ಮುರಿಗೆಪ್ಪ ವಾಚನ್ನು ಬಿಚ್ಚಲಿಲ್ಲ. ಅವನು ನೀರಿನ ತಂಬಿಗೆಯ ಕಡೆಗೆ ಕೈ ಚಾಚಿದ. "ಕೂತ್ಕಳ್ರಿ ಮಾವ, ನಾನು ಕೊಡ್ತೀನಿ" ಎಂದು ನೀಲಮ್ಮ ಒಳಗಿನಿಂದ ಓಡಿ ಬಂದಳು. ಕೈ ಹಿಂದಕ್ಕೆ ಹೋಗಿ ತೊಡೆಯ ಮೇಲೆ ಕೂತಿತು. ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಗೆ ಆಡು ಬಾಯಿ ಹಾಕಿತು. ಮುರಿಗೆಪ್ಪ ಕೋಲು ತೆಗೆದುಕೊಂಡ. ಪಕ್ಕದ ಮನೆಯವಳು, "ನೀವ್ಯಾಕೆ ಏಳ್ತೀರಿ ಯಜಮಾನ್ರೇ" ಎಂದು ತಾನೇ ಆಡನ್ನು ಓಡಿಸಿದಳು. ಕೋಲು ಗೋಡೆಗೆ ಹೋಯಿತು, ಕೈ ತೊಡೆಗೆ ಬಂತು. ಒಣಗಿದ ಬಟ್ಟೆ ಮಡಿಚಲು ಕೈ ಹಾಕಿದ. ನೀಲಮ್ಮ ನಗುನಗುತ್ತ ಕಸಿದುಕೊಂಡಳು. ಬೈಯುವಂಥ ಒಂದು ಮಾತೂ ಯಾರ ಬಾಯಿಂದಲೂ ಬರಲಿಲ್ಲ. ಎಲ್ಲರ ದನಿಯಲ್ಲೂ ಅಕ್ಕರೆಯೇ ಇತ್ತು.

ಮಧ್ಯಾಹ್ನ ಮುರಿಗೆಪ್ಪನ ಹೆಗಲ ಮೇಲಿನ ಟವೆಲು ನೆಲಕ್ಕೆ ಜಾರಿತು. ಅದನ್ನು ಎತ್ತಿಕೊಳ್ಳಲು ಅವನು ಬಾಗಿದ. ಅಷ್ಟರಲ್ಲಿ ಮೂಲೆಯಿಂದ ಯಾರೋ ನೆಗೆದು ಬಂದು, "ನೀನು ಸುಮ್ನಿರಪ್ಪ" ಎನ್ನುತ್ತ ಟವೆಲನ್ನು ಎತ್ತಿದರು.

ಎತ್ತಿದವನು ಕೊಟ್ರೇಶನೇ.

ಟವೆಲು ಇವನ ಕೈಯಲ್ಲಿತ್ತು. ಅಪ್ಪನ ಕೈ ಅರ್ಧ ದಾರಿಯಲ್ಲಿ ನಿಂತಿತ್ತು. ಸ್ವಲ್ಪ ಹೊತ್ತು ಹಾಗೇ ಇದ್ದು, ಅದು ನಿಧಾನವಾಗಿ ತೊಡೆಯ ಮೇಲಕ್ಕೆ ಮರಳಿತು. ಆಗ ಕೊಟ್ರೇಶನಿಗೆ ಕಂಡಿತು. ಅಂಗಡಿಯವನು ಮೊದಲ ದಿನವೇ ಹೇಳಿದ್ದ, ಕೈ ಆಡಿದರೆ ಓಡುತ್ತದೆ ಎಂದು. ಕೈ ಆಡಿಸದ ಮನುಷ್ಯನೂ ಇರುತ್ತಾನೆ ಎಂದು ಅಂಗಡಿಯವನಿಗೆ ತೋಚಿರಲಿಲ್ಲ. ಅಂಥ ಮನುಷ್ಯನನ್ನು ತಾನೇ ಮಾಡಿ ಕೂರಿಸಿದ್ದೇನೆ ಎಂದು ಕೊಟ್ರೇಶನಿಗೂ ತೋಚಿರಲಿಲ್ಲ. ಅವನು ಹಿತ್ತಿಲಿಗೆ ಹೋದ. ಅದೇ ಟವೆಲಿಗೆ ಮುಖ ಒತ್ತಿಕೊಂಡು ಅತ್ತ.

ಅತ್ತು ಬಂದವನು ಅಪ್ಪನ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ವಾಚಿಗೆ ಏನೂ ಗೊತ್ತಾಗಿಲ್ಲ, ಸಾವೂ ಇಲ್ಲ ಗೀವೂ ಇಲ್ಲ, ನಿನ್ನ ಕೈ ಆಡುತ್ತಿಲ್ಲ, ಅದಕ್ಕೆ ನಿಲ್ಲುತ್ತದೆ, ಅಷ್ಟೇ ಎಂದ.

"ಅದೇ ನಾನೂ ಹೇಳೋದು" ಎಂದ ಮುರಿಗೆಪ್ಪ. "ಆಡದ ಕೈ ಇದ್ರೇನು, ಹೋದ್ರೇನು?"

ವಾಚಿನ ಗುಟ್ಟು ತಿಳಿದರೆ ಅಪ್ಪ ಗೆಲುವಾಗುತ್ತಾನೆ ಎಂದುಕೊಂಡಿದ್ದ ಕೊಟ್ರೇಶ. ಗುಟ್ಟನ್ನು ಅಪ್ಪ ಅವನಿಗಿಂತ ಮೊದಲೇ, ಅವನಿಗಿಂತ ಚೆನ್ನಾಗಿ ತಿಳಿದುಕೊಂಡಿದ್ದ.

ಗಂಡ ಹೆಂಡತಿ ಕೂತು ಯೋಚಿಸಿದರು. ಮಾವನಿಗೆ ಏನಾದರೂ ಕೆಲಸ ಕೊಡೋಣ ಎಂದಳು ನೀಲಮ್ಮ. ಒಳ್ಳೆಯ ಬುದ್ಧಿಯೇ. ಆದರೆ ಹಳೆಯ ಹೆದರಿಕೆ ಅಷ್ಟು ಬೇಗ ಬಿಡುವುದಿಲ್ಲ. ಆಯಾಸವಾಗದ ಕೆಲಸ ಬೇಕು, ಕೆಟ್ಟರೂ ನಷ್ಟವಿಲ್ಲದ ಕೆಲಸ ಬೇಕು ಎಂದು ಹುಡುಕಿದರು. ಮರುದಿನ ನೀಲಮ್ಮ ಒಂದು ಮೊರದಲ್ಲಿ ಅಕ್ಕಿ ತಂದಿಟ್ಟಳು. "ಮಾವ, ಇದರಾಗ ಬರೇ ಕಲ್ಲು. ನನಗೆ ಕಣ್ಣು ಕಾಣವಲ್ದು, ಸ್ವಲ್ಪ ಆರಿಸಿ ಕೊಡ್ರಿ" ಎಂದಳು.

ಮುರಿಗೆಪ್ಪನ ಮುಖ ಬೆಳಗಿತು. ಕನ್ನಡಕ ಹಾಕಿಕೊಂಡ. ಮೊರವನ್ನು ಬೆಳಕಿಗೆ ಹಿಡಿದ. ಒಂದು ಕಡೆಯಿಂದ ಬೆರಳಾಡಿಸುತ್ತ ಬಂದ. ಮೊರದ ಆ ತುದಿಗೆ ಹೋಗುವಷ್ಟರಲ್ಲಿ ಬೆರಳು ನಿಧಾನವಾಯಿತು. ಆಮೇಲೆ ನಿಂತಿತು. ಅವನು ಕನ್ನಡಕ ತೆಗೆದು ಸೊಸೆಯನ್ನು ಕರೆದ.

"ಇದು ಆರಿಸಿದ ಅಕ್ಕಿ ಅಲ್ಲೇನವ್ವ?"

ನೀಲಮ್ಮ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು.

"ಅಳೋ ಕೂಸಿಗೆ ಗಿಲಕಿ ಕೊಟ್ಟಂಗ ಕೊಟ್ರಿ" ಎಂದ ಮುರಿಗೆಪ್ಪ. ಬೇಸರ ಮಾಡಿಕೊಂಡು ಹೇಳಲಿಲ್ಲ. ಮೆತ್ತಗೆ ಹೇಳಿದ. ಆಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ. ರಾತ್ರಿ ಊಟಕ್ಕೂ ಏಳಲಿಲ್ಲ.

ನೀಲಮ್ಮ ಒಲೆಯ ಮುಂದೆ ಕೂತು ಅತ್ತಳು. ಪಾಪ, ಅವಳು ಮಾಡಿದ್ದು ಒಳ್ಳೆಯದಕ್ಕೇ. ಆದರೆ ಕೆಲಸ ಕಸಿದುಕೊಂಡಾಗ ಮುದುಕನಿಗೆ ಆಗಿದ್ದ ನೋವಿಗಿಂತ ಸುಳ್ಳು ಕೆಲಸ ಕೊಟ್ಟಾಗ ಆದ ನೋವು ದೊಡ್ಡದಾಗಿತ್ತು.

ಇನ್ನೊಂದು ವಿಷಯವಿದೆ. ಅದನ್ನು ಕೊಟ್ರೇಶ ಇಷ್ಟು ದಿನ ಅಪ್ಪನಿಂದ ಮುಚ್ಚಿಟ್ಟಿದ್ದ. ಭಟ್ಟಿಯಲ್ಲಿ ಮಂಡಕ್ಕಿ ಸರಿಯಾಗಿ ಅರಳುತ್ತಿರಲಿಲ್ಲ. ಅಕ್ಕಿ ತರುತ್ತಿದ್ದ ಮಿಲ್ಲು ಬದಲಾದಾಗಿನಿಂದ ಅರ್ಧ ಅರಳಿದರೆ ಅರ್ಧ ಕಾಳು ಗಟ್ಟಿಯಾಗಿ ಉಳಿಯುತ್ತಿತ್ತು. ಕೊಟ್ರೇಶ ಮರಳು ಬದಲಿಸಿದ, ಉರಿ ಹೆಚ್ಚಿಸಿದ, ಆಳುಗಳ ಮೇಲೆ ರೇಗಿದ. ಏನೂ ಪ್ರಯೋಜನವಾಗಲಿಲ್ಲ. ಹಳೆಯ ಗಿರಾಕಿಗಳು ಬೇರೆ ಭಟ್ಟಿಯ ಕಡೆಗೆ ತಿರುಗುತ್ತಿದ್ದರು. ಮನೆಗೆ ಬಂದಾಗ ಅಪ್ಪ ಭಟ್ಟಿ ಹೇಗಿದೆ ಎಂದು ಕೇಳಿದರೆ, ಚೆನ್ನಾಗಿದೆ, ನಿನಗ್ಯಾಕೆ ಆ ಚಿಂತೆ ಎನ್ನುತ್ತಿದ್ದ. ಅದನ್ನೂ ಅವನು ಸೇವೆಯ ಲೆಕ್ಕಕ್ಕೇ ಸೇರಿಸಿದ್ದ.

ಮರುದಿನ ಬೆಳಿಗ್ಗೆ ಅವನು ಅಪ್ಪನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ. ಅಂಗಿಯ ಜೇಬಿನಿಂದ ಒಂದು ಹಿಡಿ ಮಂಡಕ್ಕಿ ತೆಗೆದು ಅಪ್ಪನ ಮುಂದೆ ಇಟ್ಟ.

"ಅಪ್ಪಾ, ಮಂಡಕ್ಕಿ ಅರಳವಲ್ದು. ಎಲ್ಲಾ ಮಾಡಿ ನೋಡಿದೆ. ನನ್ನ ಕೈಲಿ ಆಗ್ತಿಲ್ಲ."

ಅಕ್ಕಿಯ ಮೂಟೆಗಳನ್ನು ಬೆನ್ನ ಮೇಲೆ ಹೊತ್ತ ಕೊಟ್ರೇಶನಿಗೆ ಆ ಕೊನೆಯ ಮಾತನ್ನು ಆಡುವುದು ಮೂಟೆಗಿಂತ ಭಾರವಾಗಿತ್ತು. ಮುರಿಗೆಪ್ಪ ಗೋಡೆಯ ಕಡೆಯಿಂದ ಹೊರಳಿದ. ಇದೂ ಮೊರದ ಅಕ್ಕಿಯಂಥ ಆಟವೋ ಎಂದು ಮಗನ ಮುಖವನ್ನು ದಿಟ್ಟಿಸಿದ. ಆಮೇಲೆ ಒಂದು ಕಾಳನ್ನು ಬಾಯಿಗೆ ಹಾಕಿ ಕಡಿದ. ಕಟಕ್ ಎಂದಿತು.

"ಯಾವಾಗಿಂದ ಹಿಂಗ?"

"ಎರಡು ತಿಂಗಳಾತು."

ಮುರಿಗೆಪ್ಪ ಎದ್ದು ಕೂತ. "ಎರಡು ತಿಂಗಳಿಂದ ಬಾಯಾಗ ಏನು ತುಂಬ್ಕಂಡಿದ್ದಿ? ಇದನ್ನ ಮಂಡಕ್ಕಿ ಅಂತ ಮಾರಿದಿ ಏನಲೇ? ನನ್ನ ಹೆಸರು ಹೇಳ್ಕಂಡು ಮಾರಿದಿ? ಹಲ್ಲು ಹೋದೋರು ಶಾಪ ಹಾಕಿರ್ತಾರೆ ನಿನಗೆ!"

ಬೈಗುಳ ಅಲ್ಲಿಗೇ ನಿಲ್ಲಲಿಲ್ಲ. ಕೊಟ್ರೇಶನ ಬುದ್ಧಿಗೂ ಬಂತು, ಅವನ ಓದಿಗೂ ಬಂತು, ಸತ್ತ ಅಜ್ಜನವರೆಗೂ ಹೋಗಿ ಬಂತು. ಕೊಟ್ರೇಶ ತಲೆ ತಗ್ಗಿಸಿ ಕೂತಿದ್ದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಮನಸ್ಸು ಮಾತ್ರ ಹಗುರಾಗಿತ್ತು. ಅಪ್ಪ ಹೀಗೆ ಬಾಯಿತುಂಬ ಬೈದು ಎಷ್ಟು ಕಾಲವಾಗಿತ್ತು! ಒಳಗೆ ನೀಲಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

ಮುರಿಗೆಪ್ಪ ಚಹಾ ಕುಡಿದು ಭಟ್ಟಿಗೆ ಹೊರಟ. ಕೊಟ್ರೇಶ ಕೈ ಹಿಡಿಯಲು ಹೋಗಿ, ತನ್ನ ಕೈಯನ್ನು ತಾನೇ ಬೆನ್ನ ಹಿಂದೆ ಕಟ್ಟಿಕೊಂಡ. ಡಾಕ್ಟರ ಮಾತನ್ನು ಮರೆಯಲಿಲ್ಲ. ಹೊಗೆ ಬಾರದ ಕಡೆ, ಕಣದ ಅಂಚಿನ ಬೇವಿನ ಮರದ ಕೆಳಗೆ ಅಪ್ಪನಿಗೆ ಜಾಗ ಮಾಡಿದ. ಅಕ್ಕಿಯನ್ನು ಅಲ್ಲಿಗೇ ತಂದು ತೋರಿಸಿದ.

ಮುರಿಗೆಪ್ಪ ಕೂತ ತಕ್ಷಣ ಎಲ್ಲ ಸರಿಹೋಯಿತು ಎಂದು ತಿಳಿಯಬೇಡ. ಅವನು ಅಕ್ಕಿಯನ್ನು ಕಡಿದು ನೋಡಿ, ಇನ್ನೂ ಒಣಗಬೇಕು ಎಂದ. ಒಣಗಿಸಿ ಹಾಕಿದರು. ಪೂರ್ತಿ ಸೀದು ಹೋಯಿತು. ಆಳುಗಳು ಮುಖ ಮುಖ ನೋಡಿಕೊಂಡರು. ಮುರಿಗೆಪ್ಪ ಸೀದ ಮಂಡಕ್ಕಿಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಮನೆಗೆ ಎದ್ದು ಹೋಗುತ್ತಾನೇನೋ ಎಂದು ಕೊಟ್ರೇಶ ಹೆದರಿದ.

"ಈ ಅಕ್ಕಿ ಬ್ಯಾರೆ ಜಾತೀದು. ನನಗೂ ಹೊಸದು. ನಾಳೆ ನೀರು ಕಮ್ಮಿ ಮಾಡಿ ನೋಡೋಣ" ಎಂದ ಮುರಿಗೆಪ್ಪ.

ನಾಳೆ ಎಂದ. ಆ ಒಂದು ಪದ ಕೇಳಿ ಕೊಟ್ರೇಶ ಅಲ್ಲೇ ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟ. ಪಂಚೆಗಳನ್ನೆಲ್ಲ ಹಂಚಿ ಕೂತಿದ್ದ ಮನುಷ್ಯ ನಾಳೆ ಎಂದಿದ್ದ.

ಮರುದಿನ ನೀರು ಕಡಿಮೆ ಮಾಡಿದರು. ಅದರ ಮರುದಿನ ಉರಿ ಇಳಿಸಿದರು. ಮಂಡಕ್ಕಿ ಮೊದಲಿಗಿಂತ ಪರವಾಗಿಲ್ಲ ಎನ್ನುವ ಹಾಗೆ ಬಂತು. ಆಳೊಬ್ಬ ಜರಡಿ ಹಿಡಿಯುವುದನ್ನು ನೋಡಿ ನೋಡಿ ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ. "ಇತ್ಲಾಗ ಕೊಡು, ಹೆಣ ಅಲುಗಾಡಿಸಿದಂಗ ಅಲುಗಾಡಿಸ್ತಿ" ಎಂದು ಕಸಿದುಕೊಂಡು ತಾನೇ ಹಿಡಿದ. ಮರಳು ಕೆಳಗೆ ಸುರಿಯಿತು, ಮಂಡಕ್ಕಿ ಮೇಲೆ ಕುಣಿಯಿತು. ಕೊಟ್ರೇಶ ದೂರದಿಂದ ನೋಡಿದ. ಬೇಡಪ್ಪ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಒಲೆಯ ಕಡೆಗೆ ಹೋದ.

ಹೀಗಿರುವಾಗ ಹಾಲವ್ವ ಬಂದಳು. ಅಪ್ಪ ಕಡೆಯ ಸಲ ನೋಡಬೇಕು ಎನ್ನುತ್ತಿದ್ದಾನೆ ಎಂದು ಅವಳಿಗೆ ಸುದ್ದಿ ಹೋಗಿತ್ತು. ಬಸ್ಸಿನಿಂದ ಇಳಿದವಳು ದಾರಿಯುದ್ದಕ್ಕೂ ಅಳುತ್ತ ಮನೆಗೆ ಬಂದಳು, ಮನೆಯಲ್ಲಿ ಅಪ್ಪ ಇಲ್ಲದ್ದನ್ನು ಕಂಡು ಎದೆಯೊಡೆದುಕೊಂಡು ಭಟ್ಟಿಗೆ ಓಡಿದಳು. ಅಲ್ಲಿ ಅಪ್ಪ ಮೈತುಂಬ ಹೊಟ್ಟು ಮೆತ್ತಿಕೊಂಡು, ಜರಡಿ ಹಿಡಿದು, ಒಬ್ಬ ಆಳಿನ ಜೊತೆ ಜಗಳವಾಡುತ್ತಿದ್ದ.

"ಈಗ್ಯಾಕ ಬಂದಿ? ಮನಿಗೆ ಹೋಗಿ ಉಣ್ಣು. ಕೆಲಸದ ಹೊತ್ತು" ಎಂದ ಮಗಳಿಗೆ.

ಅವಳು ಅಳುತ್ತಲೇ ನಕ್ಕಳು.

ಸಂಜೆ ಭಟ್ಟಿಯ ಉರಿ ಆರಿಸುವಾಗ ಕೊಟ್ರೇಶ ಅಪ್ಪನ ಹತ್ತಿರ ಬಂದು ನಿಂತ. ಬಹಳ ದಿನದಿಂದ ಕೇಳಬೇಕು ಎಂದುಕೊಂಡಿದ್ದ, ಕೇಳಲು ಹೆದರಿದ್ದ.

"ಅಪ್ಪಾ, ವಾಚು ಓಡ್ತೈತಾ?"

ಮುರಿಗೆಪ್ಪ ಜರಡಿಯಿಂದ ತಲೆ ಎತ್ತಲಿಲ್ಲ.

"ಅದನ್ನ ನೋಡ್ಕೊಂತ ಕೂರಾಕೆ ನನಗೆ ಪುರುಸೊತ್ತು ಎಲ್ಲೈತೋ?" ಎಂದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಚನ್ನವೀರನ ಕಣ್ಣು ಒದ್ದೆಯಾಗಿತ್ತು. "ಆಮೇಲೆ ಮಂಡಕ್ಕಿ ಪೂರ್ತಿ ಅರಳಿತೇ, ಗುರುಗಳೇ?" ಎಂದು ಕೇಳಿದ.

"ಗೊತ್ತಿಲ್ಲ. ಅಪ್ಪ ಮಗ ಅದರ ಬಗ್ಗೆ ದಿನಾ ಜಗಳವಾಡುತ್ತಿದ್ದರು ಎಂದು ಮಾತ್ರ ಗೊತ್ತು."

"ಪಾಪ, ಕೊಟ್ರೇಶ ಒಳ್ಳೆಯವನೇ. ಅಷ್ಟು ಪ್ರೀತಿ ಇಟ್ಟುಕೊಂಡವನಿಗೆ ಕಣ್ಣ ಮುಂದೆ ಇದ್ದದ್ದು ಕಾಣಲಿಲ್ಲವಲ್ಲ" ಎಂದ ಚನ್ನವೀರ.

ಗುರುಗಳು ಬಾಯಾರಿದವರಂತೆ ಪಕ್ಕದಲ್ಲಿದ್ದ ಚೊಂಬಿನ ಕಡೆಗೆ ಕೈ ಚಾಚಿದರು. ಚೊಂಬು ಖಾಲಿಯಾಗಿತ್ತು. ಚನ್ನವೀರ ಚಂಗನೆ ಎದ್ದು, ಅವರ ಬೆರಳು ತಾಕುವ ಮೊದಲೇ ಅದನ್ನು ಎತ್ತಿಕೊಂಡು, ನೀರು ತರಲು ತಿರುಗಿದ.

ಗುರುಗಳ ಕೈ ಚಾಚಿದಲ್ಲೇ ಇತ್ತು.

"ಈ ಕೈಗೆ ಆ ವಾಚು ಕಟ್ಟಿದರೆ ಓಡುತ್ತದೆಯೇ, ಚನ್ನವೀರ?" ಎಂದರು.